ಹುಲ್ಲು ಮಣ್ಣಿಗೆ ಮರಳಿದ ದಾರಿ

ಸುಗ್ಗಿ ಮುಗಿದು ಕಣವು ಬರಿದಾಗುವ ಹೊತ್ತಿಗೆ ಬತ್ತ ಬೆಳೆಯುವ ರೈತನ ಮುಂದೆ ಎರಡು ರಾಶಿಗಳು ನಿಲ್ಲುತ್ತವೆ. ಒಂದು ಕಾಳಿನ ರಾಶಿ, ಇನ್ನೊಂದು ಹುಲ್ಲಿನ ಮೆದೆ. ಕಾಳಿಗೆ ನಮ್ಮಲ್ಲಿ ದೊಡ್ಡ ಚರಿತ್ರೆಯುಂಟು. ಖಂಡುಗ ಕೊಳಗಗಳ ಲೆಕ್ಕದಲ್ಲಿ ಅದು ದೇವಾಲಯಗಳ ಶಾಸನಗಳಲ್ಲಿಯೂ ಶಾನುಭೋಗರ ಕಡತಗಳಲ್ಲಿಯೂ ಸ್ಥಾನವನ್ನು ಪಡೆದಿದೆ. ಹುಲ್ಲಿಗೆ ಅಂತಹ ಭಾಗ್ಯವಿಲ್ಲ. ತೂಕದಲ್ಲಿ ಮಾತ್ರ ಅದು ಕಾಳಿಗೆ ಸೋಲತಕ್ಕುದಲ್ಲ. ಗದ್ದೆಯು ಎಷ್ಟು ಬತ್ತವನ್ನು ಕೊಡುವುದೋ ಹೆಚ್ಚುಕಡಮೆ ಅಷ್ಟೇ ಹುಲ್ಲನ್ನೂ ಕೊಡುತ್ತದೆ. ಕಾಳು ಮನೆಗೂ ಸಂತೆಗೂ ಹೋಗುತ್ತದೆ. ಹೋದುದು ಆ ಹೊಲಕ್ಕೆ ತಿರುಗಿ ಬರುವುದು ಅಪೂರ್ವ. ಆದುದರಿಂದ ಮಣ್ಣು ತಾನು ಕೊಟ್ಟುದರಲ್ಲಿ ಏನನ್ನಾದರೂ ಹಿಂದಕ್ಕೆ ಪಡೆಯಬೇಕಾದರೆ ಅದು ಬಹುಮಟ್ಟಿಗೆ ಹುಲ್ಲಿನ ಮೂಲಕವೇ ಆಗಬೇಕು.

ಈ ಹುಲ್ಲು ಯಾವ ದಾರಿಯಿಂದ ಮಣ್ಣಿಗೆ ಮರಳುತ್ತದೆ? ಆ ದಾರಿಯನ್ನು ಕಂಡುಕೊಂಡವರು ಯಾರು? ಇದನ್ನು ಸಂಕ್ಷೇಪವಾಗಿ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ. ಹುಲ್ಲನ್ನು ಗೊಬ್ಬರವಾಗಿಸುವ ಕಾರ್ಯದಲ್ಲಿ ಮೂವರು ಸಹಾಯಕರುಂಟು: ದನದ ಸಗಣಿ, ಬೂಷ್ಟು ಅಥವಾ ಶಿಲೀಂಧ್ರ, ಎರೆಹುಳು. ಈ ಮೂವರನ್ನೂ ರೈತನು ತನ್ನ ತಿಪ್ಪೆಯಲ್ಲಿ ಒಟ್ಟಿಗೆ ಕಂಡನು. ಪಂಡಿತರು ಒಬ್ಬೊಬ್ಬರನ್ನು ಒಂದೊಂದು ದೇಶದಲ್ಲಿ, ಒಂದೊಂದು ಕಾಲದಲ್ಲಿ ಬೇರೆಬೇರೆಯಾಗಿ ಕಂಡರು. ಬೇರೆ ಮಾಡಿ ಕಂಡುದನ್ನು ಮತ್ತೆ ಕೂಡಿಸುವುದಕ್ಕೆ ಸುಮಾರು ನೂರು ವರ್ಷಗಳು ಹಿಡಿದುವು. ಆ ನೂರು ವರ್ಷಗಳ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವಿದೆ.

೧

ಮೊದಲು ಹುಲ್ಲಿನ ಸ್ವಭಾವವನ್ನು ತಿಳಿಯೋಣ. ಬತ್ತದ ಹುಲ್ಲಿನ ಬಹುಭಾಗವು ಸೆಲ್ಯುಲೋಸ್ ಮತ್ತು ಅದರ ಬಂಧುಗಳಾದ ನಾರುಪದಾರ್ಥಗಳು. ಈ ನಾರುಗಳನ್ನು ಲಿಗ್ನಿನ್ ಎಂಬ ಗಡುಸಾದ ವಸ್ತುವು ಗಾರೆಯಂತೆ ಬಿಗಿದುಕೊಂಡಿರುತ್ತದೆ. ಇವುಗಳ ಜತೆಗೆ ಬತ್ತವು ನೆಲದಿಂದ ಸಿಲಿಕವನ್ನು, ಎಂದರೆ ಮರಳಿನ ಸಾರವನ್ನು, ಹೇರಳವಾಗಿ ಹೀರಿ ತನ್ನ ಎಲೆಯಲ್ಲಿಯೂ ಕಾಂಡದಲ್ಲಿಯೂ ಕವಚದಂತೆ ತುಂಬಿಕೊಳ್ಳುತ್ತದೆ. ಹುಲ್ಲನ್ನು ಹೊರುವವರ ಕೈಯೂ ಕೊರಳೂ ಕೆರೆತಕ್ಕೆ ಸಿಕ್ಕುವುದು ಈ ಕವಚದ ಒರಟುತನದಿಂದ. ಒಂದು ಟನ್ನು ಬತ್ತದ ಹುಲ್ಲಿನಲ್ಲಿ ಸಾರಜನಕವು ೫ರಿಂದ ೮ ಕಿಲೋಗ್ರಾಮುಗಳಷ್ಟು ಮಾತ್ರ ಇದೆ. ಪೊಟ್ಯಾಸಿಯಂ ಅದಕ್ಕಿಂತ ಹೆಚ್ಚಾಗಿದೆ.

ಸಾರಜನಕದ ಈ ಬಡತನವೇ ಎಲ್ಲ ತೊಡಕಿಗೂ ಮೂಲ. ಹುಲ್ಲನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳಿಗೆ ಇಂಗಾಲವು ಅನ್ನವಾದರೆ ಸಾರಜನಕವು ಮೈಗಟ್ಟುವ ಸಾಮಗ್ರಿ. ಇಂಗಾಲದ ೩೦ ಭಾಗಕ್ಕೆ ಸಾರಜನಕದ ಒಂದು ಭಾಗವಿದ್ದರೆ ಅವು ಸುಖವಾಗಿ ಕೆಲಸ ಮಾಡುತ್ತವೆ. ಬತ್ತದ ಹುಲ್ಲಿನಲ್ಲಿ ಇಂಗಾಲವು ೬೦ರಿಂದ ೮೦ ಭಾಗಗಳಷ್ಟಿದ್ದು ಸಾರಜನಕವು ಒಂದೇ ಭಾಗವಿರುತ್ತದೆ. ಹಸಿಹುಲ್ಲನ್ನಾಗಲಿ ಒಣಹುಲ್ಲನ್ನಾಗಲಿ ಹಾಗೆಯೇ ನೆಲದಲ್ಲಿ ಉತ್ತುಬಿಟ್ಟರೆ ಸೂಕ್ಷ್ಮಜೀವಿಗಳು ತಮಗೆ ಸಾಲದ ಸಾರಜನಕವನ್ನು ಮಣ್ಣಿನಿಂದಲೇ ಕಸಿದುಕೊಳ್ಳುತ್ತವೆ. ಆಮೇಲೆ ಬಿತ್ತಿದ ಪೈರು ಹಸಿವಿನಿಂದ ಹಳದಿಯಾಗುತ್ತದೆ. ಹೀಗೆ, ಮಣ್ಣಿಗೆ ಕೊಟ್ಟೆವೆಂದು ನಾವು ತಿಳಿದುಕೊಂಡ ವಸ್ತು ಕೆಲವು ಕಾಲ ಮಣ್ಣಿನಿಂದ ಸಾಲ ತೆಗೆಯುವ ವಸ್ತುವಾಗಿ ಪರಿಣಮಿಸುತ್ತದೆ.

ಈ ಲೇಖಕನು ಈ ಪಾಠವನ್ನು ನಷ್ಟಪಟ್ಟು ಕಲಿತವನು. ಎರೆಹುಳುವಿನ ಮಹಿಮೆಯನ್ನು ಓದಿ, ಹಿತ್ತಿಲಲ್ಲಿ ಗುಂಡಿ ತೋಡಿಸಿ, ಒಣಹುಲ್ಲನ್ನು ತುಂಬಿ, ನೀರು ಚಿಮುಕಿಸಿ, ಹುಳುಗಳನ್ನು ಬಿಟ್ಟು ಮುಚ್ಚಿದ್ದಾಯಿತು. ಮೂರು ತಿಂಗಳ ತರುವಾಯ ತೆರೆದು ನೋಡಿದಾಗ ಹುಲ್ಲು ಇಟ್ಟ ಬಣ್ಣದಲ್ಲಿಯೇ ಇತ್ತು. ಹುಳುಗಳು ಎಲ್ಲಿಯೂ ಇರಲಿಲ್ಲ. ಕೆಲಸಕ್ಕೆ ಬಂದಿದ್ದ ಮುದುಕನೊಬ್ಬನು ಇದನ್ನು ನೋಡಿ, "ಸಗಣಿ ಕಾಣದ ಹುಲ್ಲು ಕೊಳೆಯೋದು ಹೇಗೆ ಸ್ವಾಮಿ?" ಎಂದನು. ಆತನ ಆ ಒಂದು ಪ್ರಶ್ನೆಯ ಹಿಂದೆ ಎಷ್ಟು ಶತಮಾನಗಳ ಅನುಭವವಿದೆಯೆಂಬುದನ್ನು ವಿಚಾರಿಸುತ್ತ ಹೋದುದರ ಫಲವೇ ಈ ಬರಹ.

೨

ಸಗಣಿಯ ಜ್ಞಾನವು ಮೂರು ಜ್ಞಾನಗಳಲ್ಲಿ ಅತ್ಯಂತ ಪ್ರಾಚೀನವಾದುದು. ರೋಮ್ ದೇಶದ ಕೇಟೋ ಎಂಬವನು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಬರೆದ ಕೃಷಿಗ್ರಂಥದಲ್ಲಿ ಹುಲ್ಲು, ಹೊಟ್ಟು, ಅವರೆಯ ದಂಟು, ಮರದೆಲೆ ಮೊದಲಾದುವುಗಳಿಂದ ಗೊಬ್ಬರವನ್ನು ಸಿದ್ಧಮಾಡಬೇಕೆಂದು ಹೇಳಿದ್ದಾನೆ. ನಮ್ಮ ಕೃಷಿಪರಾಶರದಲ್ಲಿ ಮಾಘಮಾಸದಲ್ಲಿ ಗೊಬ್ಬರದ ರಾಶಿಯನ್ನು ಪೂಜಿಸಿ ತೆಗೆದು, ಒಣಗಿಸಿ ಪುಡಿಮಾಡಿ, ಫಾಲ್ಗುನದಲ್ಲಿ ಹೊಲದ ಗುಂಡಿಗಳಲ್ಲಿ ತುಂಬಬೇಕೆಂಬ ವಿಧಿಯಿದೆ. ಕನ್ನಡದಲ್ಲಿ ಎರಡನೆಯ ಚಾವುಂಡರಾಯನು ೧೦೨೫ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಭಾಗವೇ ಮೀಸಲಾಗಿದೆ. ಗಿಡಮರಗಳ ಆಹಾರವೂ ಗ್ರಂಥಯೋಗ್ಯವಾದ ವಿಷಯವೆಂದು ನಮ್ಮ ಪೂರ್ವಿಕರು ಒಪ್ಪಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಗ್ರಂಥಗಳಿಗಿಂತಲೂ ಜನರ ನಡೆನುಡಿಗಳು ಹೆಚ್ಚಿನ ಸಾಕ್ಷಿಗಳು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಹೆಸರಿಡುವ ಸಂಪ್ರದಾಯವು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದುದು. ಉತ್ತರ ಕರ್ನಾಟಕದಲ್ಲಿ ಬಲಿಪಾಡ್ಯಮಿಯ ದಿನ ಸಗಣಿಯಿಂದಲೇ ಹಟ್ಟಿಲಕ್ಕವ್ವನನ್ನು ಮಾಡಿ ಹೂವೇರಿಸಿ ಪೂಜಿಸುವರು. ಮಲೆನಾಡಿನಲ್ಲಿಯೂ ಉತ್ತರ ಕನ್ನಡದಲ್ಲಿಯೂ ಅಡಕೆಯ ತೋಟಗಳಿಗಾಗಿ ಸೊಪ್ಪಿನ ಬೆಟ್ಟಗಳನ್ನು ಬಿಟ್ಟುಕೊಟ್ಟಿರುವ ಪದ್ಧತಿಯುಂಟು; ಬೆಟ್ಟದಿಂದ ತಂದ ಸೊಪ್ಪು ಮೊದಲು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗಿ, ಸಗಣಿ ಗಂಜಲಗಳಲ್ಲಿ ನೆನೆದು, ಆಮೇಲೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಬಡಸಾರದ ಸಸ್ಯವಸ್ತುವನ್ನು ಸಾರಜನಕವುಳ್ಳ ವಸ್ತುವಿನೊಡನೆ ಕೂಡಿಸಬೇಕೆಂಬ ರಸಾಯನಸೂತ್ರವು ಇಲ್ಲಿ ಸೂತ್ರದ ಹೆಸರಿಲ್ಲದೆ ಆಚರಣೆಯಲ್ಲಿತ್ತು.

ಟಿಪ್ಪುವಿನ ಪತನಾನಂತರ ೧೮೦೦–೧೮೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸಗ್ರಂಥದಲ್ಲಿ ಇಲ್ಲಿಯ ರೈತರು ಗುಂಡಿಗಳನ್ನು ತೋಡಿ ಸಗಣಿ, ಬೂದಿ, ಮನೆಯ ಕಸಗಳನ್ನು ಕೂಡಿಡುತ್ತಿದ್ದುದನ್ನು ದಾಖಲಿಸಿದ್ದಾನೆ. ಸುಮಾರು ತೊಂಬತ್ತು ವರ್ಷಗಳ ಮೇಲೆ, ೧೮೮೯ರಲ್ಲಿ, ಸರಕಾರದ ಅಪೇಕ್ಷೆಯಂತೆ ಬಂದ ಜಾನ್ ಆಗಸ್ಟಸ್ ವೋಲ್ಕರ್ ಎಂಬ ಕೃಷಿರಸಾಯನಜ್ಞನು ದೇಶವನ್ನೆಲ್ಲ ನೋಡಿ ೧೮೯೩ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ಭಾರತದ ರೈತನು ಅಜ್ಞಾನಿಯೆಂಬ ಮಾತನ್ನು ಆತನು ಒಪ್ಪಲಿಲ್ಲ. ಸಗಣಿಯನ್ನು ಬೆರಣಿ ತಟ್ಟಿ ಉರಿಸುವುದು ಸೌದೆಯ ಕೊರತೆಯಿಂದಲೇ ಹೊರತು ತಿಳಿವಳಿಕೆಯ ಕೊರತೆಯಿಂದಲ್ಲವೆಂದೂ, ಉರುವಲಿಗೂ ಮೇವಿಗೂ ಕಾಡುಗಳನ್ನು ಬೆಳೆಸಿಕೊಟ್ಟರೆ ಸಗಣಿಯು ತಾನಾಗಿ ಹೊಲಕ್ಕೆ ಹೋಗುವುದೆಂದೂ ಆತನು ವಾದಿಸಿದನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಕೊನೆಯಲ್ಲಿ ಇದರ ಪ್ರಯೋಜನವುಂಟು.

೩

ಎರಡನೆಯ ಸಹಾಯಕನಾದ ಎರೆಹುಳುವಿಗೆ ಗೌರವವು ದೊರೆತುದು ಇಂಗ್ಲೆಂಡಿನಲ್ಲಿ. ಸೆಲ್‌ಬೋರ್ನ್ ಎಂಬ ಹಳ್ಳಿಯ ಪಾದ್ರಿಯಾಗಿದ್ದ ಗಿಲ್ಬರ್ಟ್ ವೈಟ್ ೧೭೭೭ರ ಒಂದು ಪತ್ರದಲ್ಲಿ ಹುಳುಗಳು ಮಣ್ಣನ್ನು ಕೊರೆದು ಸಡಿಲಿಸಿ, ಹುಲ್ಲುಕಡ್ಡಿಗಳನ್ನೂ ಎಲೆಗಳನ್ನೂ ಒಳಕ್ಕೆ ಎಳೆದುಕೊಂಡು ಸಸ್ಯಗಳಿಗೆ ಉಪಕಾರ ಮಾಡುತ್ತವೆಯೆಂದು ಬರೆದನು. ಅರುವತ್ತು ವರ್ಷಗಳ ಬಳಿಕ, ೧೮೩೭ರಲ್ಲಿ, ಚಾರ್ಲ್ಸ್ ಡಾರ್ವಿನ್ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ಇದೇ ವಿಷಯವಾಗಿ ಒಂದು ಪ್ರಬಂಧವನ್ನು ಓದಿದನು. ಹೊಲದ ಮೇಲೆ ಹರಡಿದ್ದ ಸುಣ್ಣವೂ ಕಿಟ್ಟವೂ ಕೆಲವು ವರ್ಷಗಳಲ್ಲಿ ನೆಲದೊಳಗೆ ಸೇರಿಹೋಗಿದ್ದುದನ್ನು ಅವನ ಸೋದರಮಾವನು ಅವನಿಗೆ ತೋರಿಸಿದ್ದನು.

ಡಾರ್ವಿನ್ನನ ತಾಳ್ಮೆ ಅಸಾಧಾರಣವಾದುದು. ೧೮೪೨ರಲ್ಲಿ ತನ್ನ ಮನೆಯ ಬಳಿಯ ಹೊಲವೊಂದರಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿದನು. ೧೮೭೧ರಲ್ಲಿ, ಎಂದರೆ ೨೯ ವರ್ಷಗಳ ತರುವಾಯ, ಅಗೆಸಿ ನೋಡಿದನು. ಬಿಳಿಯ ಗೆರೆಯೊಂದು ನೆಲದ ೭ ಅಂಗುಲ ಕೆಳಗೆ ಕಾಣಿಸಿತು. ಅದರ ಮೇಲಿದ್ದ ಮಣ್ಣೆಲ್ಲವೂ ಹುಳುಗಳ ಹೊಟ್ಟೆಯ ಮೂಲಕ ಬಂದುದು. ಇಂಗ್ಲೆಂಡಿನ ಅನೇಕ ಭಾಗಗಳಲ್ಲಿ ಎಕರೆಯೊಂದಕ್ಕೆ ವರ್ಷಕ್ಕೆ ೧೦ ಟನ್ನಿಗೂ ಹೆಚ್ಚಾದ ಮಣ್ಣು ಹೀಗೆ ಮೇಲಕ್ಕೆ ಬರುವುದೆಂದು ಆತನು ಲೆಕ್ಕಹಾಕಿದನು. ಅವನ ಪರೀಕ್ಷೆಗಾಗಿ ಬಂಗಾಳದಿಂದಲೂ ನಮ್ಮ ನೆರೆಯ ನೀಲಗಿರಿಯಿಂದಲೂ ಹುಳುಗಳ ಹಿಕ್ಕೆಮಣ್ಣು ಹಡಗಿನಲ್ಲಿ ಹೋಯಿತು. ೧೮೮೧ರಲ್ಲಿ ಪ್ರಕಟವಾದ ಆ ಗ್ರಂಥವೇ ಅವನ ಕೊನೆಯ ಗ್ರಂಥ. ಮರುವರ್ಷ ಆತನು ತೀರಿಕೊಂಡನು.

ಹುಳುವಿಗೆ ಹಲ್ಲಿಲ್ಲವೆಂಬುದನ್ನೂ, ಅದು ನುಂಗಿದ ಮರಳಿನ ಕಣಗಳ ಸಹಾಯದಿಂದ ತನ್ನ ಹೊಟ್ಟೆಯ ಬೀಸುವ ಚೀಲದಲ್ಲಿ ಆಹಾರವನ್ನು ಅರೆಯುವುದೆಂಬುದನ್ನೂ ಡಾರ್ವಿನ್ ವಿವರಿಸಿದನು. ಆದರೆ ಅದು ಅರೆಯಬಲ್ಲುದು ಆಗಲೇ ಮೆತ್ತಗಾದ ವಸ್ತುವನ್ನು. ಕವಚವುಳ್ಳ ಹುಲ್ಲನ್ನು ಮೊದಲು ಮೆತ್ತಗೆ ಮಾಡುವವರು ಬೇರೊಬ್ಬರು ಬೇಕು. ಆ ಒಬ್ಬರನ್ನು ಕಂಡುಹಿಡಿಯುವುದಕ್ಕೆ ಮುಂಚೆ ಯೂರೋಪಿನ ವಿಜ್ಞಾನವು ಸ್ವಲ್ಪ ಸುತ್ತುದಾರಿಯನ್ನು ನಡೆಯಬೇಕಾಯಿತು.

೪

೧೮೪೦ರಲ್ಲಿ ಜರ್ಮನಿಯ ಲೀಬಿಗ್ ಮಹಾಶಯನು ತನ್ನ ಕೃಷಿರಸಾಯನ ಗ್ರಂಥದಲ್ಲಿ ಸಸ್ಯಗಳು ಖನಿಜಲವಣಗಳಿಂದ ಪೋಷಣೆ ಪಡೆಯುವುವೆಂದು ಸಾರಿದನು. ಕೊಳೆತ ಎಲೆಗೊಬ್ಬರವೇ ಸಸ್ಯದ ಆಹಾರವೆಂಬ ಹಳೆಯ ಮತವು ಇದರಿಂದ ಬಿದ್ದುಹೋಯಿತು. ಲೀಬಿಗ್ಗನ ವಾದದಲ್ಲಿ ಸತ್ಯವು ಬಹಳವಿತ್ತು. ಆದರೆ ಅದರ ಅನುಯಾಯಿಗಳು, ಮೂಟೆಯಲ್ಲಿ ಬರುವ ಲವಣವಿದ್ದಮೇಲೆ ತಿಪ್ಪೆಯ ಹಂಗೇಕೆ ಎಂದು ಕೇಳತೊಡಗಿದರು. ಮಣ್ಣಿನ ಹದ, ತೇವ, ಜೀವಸಂಕುಲ ಇವುಗಳ ವಿಚಾರವು ಹಿಂದಕ್ಕೆ ಸರಿಯಿತು.

ವಿಚಿತ್ರವೇನೆಂದರೆ, ಹುಲ್ಲಿಗೆ ಮತ್ತೆ ಗೌರವವು ಬಂದುದು ರಾಸಾಯನಿಕ ಗೊಬ್ಬರದ ಪ್ರಯೋಗಗಳಿಗೆ ಪ್ರಸಿದ್ಧವಾಗಿದ್ದ ರಾಥಮ್‌ಸ್ಟೆಡ್ಡಿನಲ್ಲಿಯೇ. ೧೮೪೩ರಲ್ಲಿ ಆರಂಭವಾದ ಆ ಕ್ಷೇತ್ರದಲ್ಲಿ ಹಚಿನ್‌ಸನ್ ಮತ್ತು ರಿಚರ್ಡ್ಸ್ ಎಂಬವರು, ದನಗಳಿಲ್ಲದೆಯೇ ಹುಲ್ಲಿನಿಂದ ಕೊಟ್ಟಿಗೆಗೊಬ್ಬರವನ್ನು ಮಾಡಲಾಗುವುದೇ ಎಂದು ಪರೀಕ್ಷಿಸಿ ೧೯೨೧ರಲ್ಲಿ ತಮ್ಮ ಫಲಿತಗಳನ್ನು ಪ್ರಕಟಿಸಿದರು. ನೂರು ಪೌಂಡು ಹುಲ್ಲಿಗೆ ಸುಮಾರು ಮುಕ್ಕಾಲು ಪೌಂಡು ಸಾರಜನಕವನ್ನು ಯಾವುದಾದರೂ ರೂಪದಲ್ಲಿ ಒದಗಿಸಿ, ತೇವವನ್ನೂ ಗಾಳಿಯನ್ನೂ ಕೊಟ್ಟು, ಹುಳಿಯೇರದಂತೆ ನೋಡಿಕೊಂಡರೆ ಹುಲ್ಲು ತಾನಾಗಿ ಗೊಬ್ಬರವಾಗುವುದೆಂದು ಅವರು ತೋರಿಸಿದರು. ಮುದುಕನು ನನ್ನನ್ನು ಕೇಳಿದ ಪ್ರಶ್ನೆಗೆ ಇದೇ ಉತ್ತರ. ಸಗಣಿಯಲ್ಲಿರುವ ಸಾರಜನಕವೇ ಅಲ್ಲಿ ಬೇಕಾಗಿದ್ದುದು. ಅದರ ಜತೆಗೆ ಸಗಣಿಯು ಕೋಟಿಗಟ್ಟಲೆ ಸೂಕ್ಷ್ಮಜೀವಿಗಳನ್ನೂ ಹೊತ್ತು ತರುತ್ತದೆ.

ಈ ಕೊಳೆಯುವಿಕೆಯಲ್ಲಿ ಮುಂದಾಳು ಯಾರೆಂಬುದೂ ಆ ದಶಕದಲ್ಲಿ ಸ್ಪಷ್ಟವಾಯಿತು. ನಮ್ಮ ದೇಶದವರಾದ ರೇಗೆಯವರು ೧೯೨೭ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧವು ಸೆಲ್ಯುಲೋಸುಳ್ಳ ವಸ್ತುಗಳ ಮೇಲೆ ಶಿಲೀಂಧ್ರಗಳ ಕಾರ್ಯವನ್ನೇ ವಿಶೇಷವಾಗಿ ವಿಚಾರಿಸಿತು. ಒದ್ದೆಯಾದ ಮೆದೆಯನ್ನು ಬಿಡಿಸಿದಾಗ ಬಿಳಿಯ ನೂಲಿನಂತೆ ಕಾಣುವುದೇ ಈ ಶಿಲೀಂಧ್ರ. ಅದರ ಎಳೆಗಳು ಹುಲ್ಲಿನ ಕಾಂಡವನ್ನು ಕೊರೆದು ಒಳಹೊಕ್ಕು, ಪಾಚಕರಸಗಳನ್ನು ಸುರಿಸಿ ನಾರನ್ನು ಸಕ್ಕರೆಯಾಗಿ ಕರಗಿಸುತ್ತವೆ. ಕವಚವು ಒಡೆದ ಬಳಿಕ ಬ್ಯಾಕ್ಟೀರಿಯಗಳು ನುಗ್ಗುತ್ತವೆ. ಇವುಗಳ ಉಸಿರಾಟದಿಂದ ರಾಶಿಯು ಕಾಯುತ್ತದೆ; ಒಳಗಿನ ಶಾಖವು ೬೦ ಡಿಗ್ರಿ ಸೆಂಟಿಗ್ರೇಡನ್ನೂ ಮೀರುವುದುಂಟು. ಆ ಶಾಖದಲ್ಲಿ ಕಳೆಬೀಜಗಳೂ ರೋಗಾಣುಗಳೂ ಸಾಯುತ್ತವೆ. ಕಾವು ಇಳಿದಮೇಲೆ ಬೇರೆ ಶಿಲೀಂಧ್ರಗಳು ಮರಳಿ ಬಂದು ಗಡುಸಾದ ಉಳಿಕೆಯನ್ನು ಮೆಲ್ಲನೆ ಕರಗಿಸುತ್ತವೆ. ಹುಳುವಿನ ಸರದಿ ಆಮೇಲೆ. ೩೫ ಡಿಗ್ರಿಗಿಂತ ಹೆಚ್ಚಿನ ಶಾಖವನ್ನು ತಡೆಯಲಾರದ ಆ ಪ್ರಾಣಿಯು ತಣ್ಣಗಾದ, ಬೂಷ್ಟು ತಿಂದು ಮೆತ್ತಗಾದ ಹುಲ್ಲಿನಲ್ಲಿ ಮಾತ್ರ ನೆಲಸಬಲ್ಲುದು. ನನ್ನ ಗುಂಡಿಯ ಹುಳುಗಳು ಏಕೆ ಮಾಯವಾದುವೆಂಬುದು ಈಗ ವಾಚಕರಿಗೆ ತಿಳಿದಿರಬಹುದು.

೫

ಈ ಚದರಿದ ಜ್ಞಾನವನ್ನು ಒಂದು ಪದ್ಧತಿಯಾಗಿ ಕೂಡಿಸಿದ ಕೀರ್ತಿಯು ಆಲ್ಬರ್ಟ್ ಹೋವರ್ಡನಿಗೆ ಸಲ್ಲುತ್ತದೆ. ಸಸ್ಯರೋಗಗಳ ವಿದ್ವಾಂಸನಾದ ಹೋವರ್ಡ್ ೧೯೦೫ರಲ್ಲಿ ಬಿಹಾರದ ಪೂಸಾಕ್ಕೆ ಬಂದನು. ಬೋಧಿಸುವುದಕ್ಕಾಗಿ ಬಂದವನು ಅಲ್ಲಿಯ ರೈತರನ್ನೂ ಬೆಳೆಯ ಕೀಟಗಳನ್ನೂ ತನ್ನ ಗುರುಗಳೆಂದು ಒಪ್ಪಿಕೊಂಡನು. ಅವನ ಪತ್ನಿ ಗೇಬ್ರಿಯೆಲ್ ತಾನೂ ಸಸ್ಯವಿಜ್ಞಾನಿಯಾಗಿದ್ದು, ೧೯೩೦ರಲ್ಲಿ ತೀರಿಕೊಳ್ಳುವವರೆಗೆ ಅವನ ಎಲ್ಲ ಕಾರ್ಯದಲ್ಲಿಯೂ ಸಹಭಾಗಿನಿಯಾಗಿದ್ದಳು. ಅಮೆರಿಕದ ಎಫ್. ಎಚ್. ಕಿಂಗ್ ೧೯೦೯ರಲ್ಲಿ ಚೀನ, ಕೊರಿಯ, ಜಪಾನುಗಳಲ್ಲಿ ಸಂಚರಿಸಿ ಬರೆದ ಗ್ರಂಥವು ೧೯೧೧ರಲ್ಲಿ ಹೊರಬಂದಿತ್ತು. ನಾಲ್ವತ್ತು ಶತಮಾನಗಳಿಂದ ಒಂದೇ ನೆಲವನ್ನು ಉತ್ತು ಬತ್ತ ಬೆಳೆಯುತ್ತಿದ್ದ ಆ ಜನರು ಹುಲ್ಲು, ಕೆಸರು, ಮಲಮೂತ್ರ ಯಾವುದನ್ನೂ ಪೋಲುಮಾಡದೆ ಮಣ್ಣಿಗೆ ಹಿಂದಿರುಗಿಸುತ್ತಿದ್ದುದನ್ನು ಅದರಲ್ಲಿ ಓದಿ ಹೋವರ್ಡನು ಬಹಳ ಪ್ರಭಾವಿತನಾದನು.

೧೯೨೪ರಿಂದ ೧೯೩೧ರವರೆಗೆ ಇಂದೂರಿನ ಸಸ್ಯೋದ್ಯಮ ಸಂಸ್ಥೆಯಲ್ಲಿ ಆತನೂ ಯಶವಂತ ವಾಡರೂ ಕೂಡಿ ನಡೆಸಿದ ಪ್ರಯೋಗಗಳ ಫಲವೇ ಇಂದೂರು ಪದ್ಧತಿ. ಅದರಲ್ಲಿ ಗೂಢವಾದುದೇನೂ ಇಲ್ಲ. ಹತ್ತಿಯ ಕಡ್ಡಿಯಂತಹ ಗಡುಸು ವಸ್ತುಗಳನ್ನು ಮೊದಲು ಗಾಡಿಯ ದಾರಿಯಲ್ಲಿ ಹರಡಿ ಚಕ್ರಗಳಿಂದ ಅರೆಯಿಸುವರು. ಆಮೇಲೆ ಅದನ್ನು ದನಗಳ ಕಾಲಡಿ ಹಾಸುವರು. ಹೀಗೆ ನೆನೆದ ಹಾಸನ್ನು ಪದರ ಪದರವಾಗಿ ಆಳವಿಲ್ಲದ ಗುಂಡಿಯಲ್ಲಿ ಹಾಕಿ, ನಡುನಡುವೆ ಸಗಣಿಯ ಬಗ್ಗಡವನ್ನೂ ಗಂಜಲ ಹೀರಿದ ಮಣ್ಣನ್ನೂ ಬೂದಿಯನ್ನೂ ಚೆಲ್ಲುವರು. ಮೂರು ಬಾರಿ ಮಗುಚಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರವು ಸಿದ್ಧವಾಗುವುದು. ಮೊದಲು ಶಿಲೀಂಧ್ರಗಳ ಕಾಲ, ಅನಂತರ ಬ್ಯಾಕ್ಟೀರಿಯಗಳ ಕಾಲ ಎಂದು ಹೋವರ್ಡನು ವಿಂಗಡಿಸಿದನು. ಮಲೆನಾಡಿನ ಕೊಟ್ಟಿಗೆಯನ್ನು ಬಲ್ಲವರಿಗೆ ಇದರಲ್ಲಿ ಹೊಸದೆಂದು ತೋರುವುದು ಕ್ರಮವೂ ಕಾಲದ ಲೆಕ್ಕವೂ ಮಾತ್ರ. ಆದರೆ ಆ ಕ್ರಮವೇ ದೊಡ್ಡದು. ವರ್ಷ ಹಿಡಿಯುತ್ತಿದ್ದುದು ಮೂರು ತಿಂಗಳಿಗೆ ಇಳಿಯಿತು. ಗ್ರಂಥವು ೧೯೩೧ರಲ್ಲಿ ಪ್ರಕಟವಾಯಿತು. ಹೋವರ್ಡನು ಪದ್ಧತಿಗೆ ತನ್ನ ಹೆಸರನ್ನಿಡದೆ ತನಗೆ ಆಶ್ರಯ ಕೊಟ್ಟ ಸಂಸ್ಥಾನದ ಹೆಸರನ್ನಿಟ್ಟನು.

೬

ಇಂದೂರಿನಲ್ಲಿ ಹೀಗಿರಲು ಬೆಂಗಳೂರಿನಲ್ಲಿ ಇನ್ನೊಂದು ಧಾರೆಯು ಹರಿಯುತ್ತಿತ್ತು. ೧೯೧೪ರಲ್ಲಿ ಮ್ಯಾಂಚೆಸ್ಟರಿನಲ್ಲಿ ಚರಂಡಿನೀರನ್ನು ಜೀವಾಣುಗಳಿಂದ ಶುದ್ಧಿಗೊಳಿಸುವ ಹೊಸ ವಿಧಾನದಲ್ಲಿ ಭಾಗಿಯಾಗಿದ್ದ ಗಿಲ್ಬರ್ಟ್ ಫೌಲರ್ ೧೯೧೬ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದನು. ಊರಿನ ಕೊಳಕಿನಲ್ಲಿ ಹಾಳಾಗುವ ಸಾರಜನಕವನ್ನು ಉಳಿಸುವುದೇ ಆತನ ಜೀವಿತದ ಧ್ಯೇಯವಾಗಿತ್ತು. ಈ ಸಂಪ್ರದಾಯದಲ್ಲಿ ಬೆಳೆದವರೇ ಸಿ. ಎನ್. ಆಚಾರ್ಯರು.

ಆಚಾರ್ಯರು ೧೯೩೫ರಲ್ಲಿ ಇಂಗ್ಲೆಂಡಿನ ಬಯೊಕೆಮಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನಮಾಲೆಯ ವಿಷಯವು ಬತ್ತದ ಹುಲ್ಲೇ. ಗಾಳಿಯಿಲ್ಲದೆ, ಗಾಳಿಯಲ್ಲಿ, ಅರೆಗಾಳಿಯಲ್ಲಿ ಆ ಹುಲ್ಲು ಹೇಗೆ ಕೊಳೆಯುವುದೆಂಬುದನ್ನು ಅವರು ಹೋಲಿಸಿ ನೋಡಿದರು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಹುಲ್ಲಿಗೆ ಆಗುವುದು ಗಾಳಿಯಿಲ್ಲದ ಕೊಳೆಯುವಿಕೆ; ಅದು ಹುಳಿಗಳನ್ನೂ ಮೀಥೇನ್ ಅನಿಲವನ್ನೂ ಹುಟ್ಟಿಸುತ್ತದೆ. ಈ ಅನಿಲವು ಭೂಮಂಡಲದ ವಾಯುವನ್ನು ಬಿಸಿಮಾಡುವವುಗಳಲ್ಲಿ ಒಂದೆಂಬುದು ಈಗ ಸರ್ವವಿದಿತವಾಗಿದೆ. ಹಸಿಹುಲ್ಲನ್ನು ನೀರುಗದ್ದೆಯಲ್ಲಿ ಹೂತರೆ ಈ ಅನಿಲವು ಹೆಚ್ಚುವುದೆಂದೂ, ಚೆನ್ನಾಗಿ ಕಳಿತ ಗೊಬ್ಬರದಿಂದ ಅಷ್ಟು ಹುಟ್ಟುವುದಿಲ್ಲವೆಂದೂ ಇತ್ತೀಚಿನ ಸಂಶೋಧನೆಗಳು ತಿಳಿಸುತ್ತವೆ.

೧೯೩೯ರಲ್ಲಿ ಆಚಾರ್ಯರು ರೂಪಿಸಿದುದೇ ಲೋಕವೆಲ್ಲ ಬೆಂಗಳೂರು ಪದ್ಧತಿಯೆಂದು ಕರೆಯುವ ಕ್ರಮ. ಸುಮಾರು ೩ ಅಡಿ ಆಳದ ಕಾಲುವೆಗಳಲ್ಲಿ ಊರಿನ ಕಸವನ್ನೂ ಮಲವನ್ನೂ ಪದರ ಪದರವಾಗಿ ತುಂಬಿ ಮೇಲೆ ಮಣ್ಣಿನಿಂದ ಮೆತ್ತುವರು. ಮೊದಲ ಕೆಲವು ದಿನಗಳಲ್ಲಿ ಒಳಗಿನ ಗಾಳಿಯಿಂದ ಶಾಖವೇಳುವುದು. ತರುವಾಯ ಗಾಳಿಯಿಲ್ಲದೆಯೇ ತಿಂಗಳುಗಟ್ಟಲೆ ನಿಧಾನವಾಗಿ ಕಳಿಯುವುದು. ಮಗುಚುವ ಕೂಲಿಯಿಲ್ಲ, ನೀರು ಹೆಚ್ಚು ಬೇಡ, ಸಾರಜನಕವು ಗಾಳಿಗೆ ಹಾರಿಹೋಗುವುದೂ ಕಡಮೆ. ಆದರೆ ಕಾಲವು ಹೆಚ್ಚು ಬೇಕು. ಇಂದೂರು ಕೈಗೆಲಸವನ್ನು ಕೇಳುತ್ತದೆ, ಬೆಂಗಳೂರು ತಾಳ್ಮೆಯನ್ನು ಕೇಳುತ್ತದೆ. ಕೂಲಿಯಾಳಿಲ್ಲದವನಿಗೆ ಎರಡನೆಯದೂ, ಮುಂದಿನ ಬೆಳೆಗೆ ಅವಸರವಿರುವವನಿಗೆ ಮೊದಲನೆಯದೂ ತಕ್ಕವು.

ಈ ಎರಡು ಪದ್ಧತಿಗಳಲ್ಲಿಯೂ ಎರೆಹುಳುವಿಗೆ ಸ್ಥಾನವಿರಲಿಲ್ಲ. ಆ ಸ್ಥಾನವನ್ನು ಕೊಡಿಸುವ ಕಾರ್ಯದಲ್ಲಿಯೂ ಬೆಂಗಳೂರು ಮುಂದೆ ಬಂದಿತು. ೧೯೬೪ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ರಾಧಾ ಕಾಳೆಯವರೂ ಅವರ ಸಹೋದ್ಯೋಗಿಗಳೂ ಸಾವಯವ ಕಸವನ್ನು ಗೊಬ್ಬರವಾಗಿಸುವ ಹುಳುಗಳನ್ನು ಪರೀಕ್ಷಿಸಿ, ೧೯೮೨ರಲ್ಲಿ ನಮ್ಮ ದೇಶದ್ದೇ ಆದ ಪೆರಿಯೋನಿಕ್ಸ್ ಎಂಬ ಹುಳುವಿನ ಸಾಮರ್ಥ್ಯದ ವಿಷಯವಾಗಿ ಪ್ರಬಂಧವನ್ನು ಪ್ರಕಟಿಸಿದರು. ಪಶ್ಚಿಮ ಆಫ್ರಿಕ ಮೂಲದ ಯೂಡ್ರಿಲಸ್ ಹುಳುವಿನ ಸಾಕಣೆಯನ್ನೂ ಪ್ರಚಾರಕ್ಕೆ ತಂದರು. ಡಾರ್ವಿನ್ನನ ಹುಳುಗಳು ಮಣ್ಣನ್ನು ತಿನ್ನುವುವು. ಇವು ಕಸದ ಮೇಲ್ಪದರದಲ್ಲಿಯೇ ವಾಸಿಸುವುವು. ಈಗ ರೂಢಿಯಲ್ಲಿರುವ ಕ್ರಮದಲ್ಲಿ ಬತ್ತದ ಹುಲ್ಲನ್ನು ಎರಡು ಮೂರು ಅಂಗುಲದ ತುಂಡುಗಳಾಗಿ ಕತ್ತರಿಸಿ, ನೀರಿನಲ್ಲಿ ನೆನೆಸಿ, ಸಗಣಿಯ ಬಗ್ಗಡವನ್ನು ಕಲಸಿ, ಟ್ರೈಕೋಡರ್ಮದಂತಹ ಶಿಲೀಂಧ್ರಗಳನ್ನು ಬೆರೆಸಿ ರಾಶಿ ಹಾಕುವರು. ಕಾವು ಏರಿ ಇಳಿದ ಬಳಿಕ ಹುಳುಗಳನ್ನು ಬಿಡುವರು. ಹೀಗೆ ತಿಪ್ಪೆಯಲ್ಲಿ ಒಟ್ಟಿಗಿದ್ದ ಮೂವರು ಸಹಾಯಕರೂ ಮತ್ತೆ ಒಂದೆಡೆ ಸೇರಿದರು. ಹೊರಬರುವ ಕಪ್ಪು ಗೊಬ್ಬರದಲ್ಲಿ ಇಂಗಾಲ ಸಾರಜನಕಗಳ ಪ್ರಮಾಣವು ೨೦ಕ್ಕೂ ಕೆಳಗಿಳಿದಿರುತ್ತದೆ. ಮಣ್ಣಿನಿಂದ ಸಾಲ ತೆಗೆಯುತ್ತಿದ್ದ ಹುಲ್ಲು ಈಗ ಮಣ್ಣಿಗೆ ಕೊಡುವ ಯೋಗ್ಯತೆಯನ್ನು ಪಡೆದಿರುತ್ತದೆ.

೭

ಜ್ಞಾನವು ಪೂರ್ಣವಾದ ಕಾಲದಲ್ಲಿಯೇ ಆಚರಣೆಯು ಕುಗ್ಗಿತೆಂಬುದು ಈ ಚರಿತ್ರೆಯ ವಿಷಾದಕರವಾದ ಭಾಗ. ಪಂಜಾಬು ಹರಿಯಾಣಗಳಲ್ಲಿ ಬತ್ತವನ್ನು ಯಂತ್ರದಿಂದ ಕುಯ್ಯುವುದು ಹಬ್ಬಿದಂತೆ ಹುಲ್ಲು ಗದ್ದೆಯಲ್ಲಿಯೇ ಚದರಿ ಉಳಿಯತೊಡಗಿತು. ಅಂತರ್ಜಲವನ್ನು ಉಳಿಸುವ ಸದುದ್ದೇಶದಿಂದ ಪಂಜಾಬಿನಲ್ಲಿ ೨೦೦೯ರಲ್ಲಿ ಮಾಡಿದ ಕಾಯಿದೆಯು ನಾಟಿಯನ್ನು ಮುಂದಕ್ಕೆ ತಳ್ಳಿತು. ಕುಯ್ಲಿಗೂ ಗೋದಿಯ ಬಿತ್ತನೆಗೂ ನಡುವೆ ಕೆಲವೇ ವಾರಗಳು ಉಳಿದುವು. ರೈತನು ಬೆಂಕಿಕಡ್ಡಿಯನ್ನು ಗೀಚಿದನು. ೨೦೧೫ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ನಿಷೇಧಿಸಿದರೂ ಬೆಂಕಿಯು ಆರಲಿಲ್ಲ. ಹುಲ್ಲು ಸುಟ್ಟಾಗ ಅದರ ಸಾರಜನಕವು ಹೆಚ್ಚುಕಡಮೆ ಪೂರ್ಣವಾಗಿಯೂ ರಂಜಕವು ನಾಲ್ಕರಲ್ಲಿ ಒಂದು ಪಾಲೂ ನಷ್ಟವಾಗುತ್ತದೆ. ಹೊಗೆಯು ನಗರಗಳ ಉಸಿರನ್ನು ಕಟ್ಟುತ್ತದೆ. ೨೦೨೦ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಶಿಲೀಂಧ್ರಗಳನ್ನು ಗುಳಿಗೆಗಳಲ್ಲಿ ತುಂಬಿ, ಪೂಸಾ ಎಂಬ ಆ ಹಳೆಯ ಹೆಸರಿನಿಂದಲೇ ಹೊಲಗಳಿಗೆ ಕಳುಹಿಸಿದರು. ಸಿಂಪಡಿಸಿದ ಹುಲ್ಲು ಮೆತ್ತಗಾಗುವುದಕ್ಕೆ ಮೂರು ವಾರಗಳಾದರೂ ಬೇಕು. ಅ‌ಷ್ಟು ದಿನಗಳು ರೈತನ ಕೈಯಲ್ಲಿಲ್ಲದುದೇ ಅಲ್ಲಿಯ ತೊಡಕು.

ನಮ್ಮ ನಾಡಿನಲ್ಲಿ ಹುಲ್ಲಿಗೆ ಇನ್ನೂ ದನದ ಬಾಯಿಯುಂಟು. ಮೆದೆಗಳು ಇನ್ನೂ ನಿಲ್ಲುತ್ತವೆ. ಆದರೆ ಉಳುವ ಎತ್ತು ಹೋಗಿ ಯಂತ್ರವು ಬಂದ ಊರುಗಳಲ್ಲಿ ಕೊಟ್ಟಿಗೆಯು ಬರಿದಾಗುತ್ತಿದೆ. ಕೊಟ್ಟಿಗೆಯು ಬರಿದಾದರೆ ಸಗಣಿಯಿಲ್ಲ. ಸಗಣಿಯಿಲ್ಲದಿದ್ದರೆ ಬೂಷ್ಟಿಗೆ ಬಲವಿಲ್ಲ. ಬೂಷ್ಟು ಸೋತಲ್ಲಿ ಹುಳುವಿಗೆ ಆಹಾರವಿಲ್ಲ. ಮೂವರಲ್ಲಿ ಒಬ್ಬನು ಮನೆಬಿಟ್ಟರೆ ಉಳಿದಿಬ್ಬರೂ ನಿಲ್ಲುವುದಿಲ್ಲ. ಇದನ್ನು ಕಂಡು ರೈತನನ್ನು ಹಳಿಯುವುದು ಸುಲಭ. ಆದರೆ ಅದು ನ್ಯಾಯವಲ್ಲ. ವೋಲ್ಕರನು ೧೮೯೩ರಲ್ಲಿ ಬೆರಣಿಯ ವಿಷಯವಾಗಿ ಹೇಳಿದ ಮಾತೇ ಇಂದು ಹುಲ್ಲಿನ ಬೆಂಕಿಗೂ ಅನ್ವಯಿಸುತ್ತದೆ. ಅಂದು ಕೊರತೆಯಾಗಿದ್ದುದು ಸೌದೆ. ಇಂದು ಕೊರತೆಯಾಗಿರುವುದು ಕಾಲ, ಆಳು, ದನ. ಎರಡು ಕಾಲದಲ್ಲಿಯೂ ಕೊರತೆಯಾಗದೆ ಇದ್ದುದು ತಿಳಿವಳಿಕೆ. ಆ ಕೊರತೆಯನ್ನು ತುಂಬುವ ಭಾರವು ರೈತನೊಬ್ಬನದಲ್ಲ. ಅವನ ಅನ್ನವನ್ನು ಉಣ್ಣುವ ಎಲ್ಲರದು.

ಮುಂದಿನ ಬೇಸಗೆಯಲ್ಲಿ ಅದೇ ಗುಂಡಿಯನ್ನು ಆ ಮುದುಕನ ಮಾತಿನಂತೆ ತುಂಬಿದೆವು. ನೆರೆಮನೆಯ ಕೊಟ್ಟಿಗೆಯಿಂದ ಬುಟ್ಟಿಗಟ್ಟಲೆ ಸಗಣಿಯು ಬಂದಿತು. ವಾರದೊಳಗೆ ಗುಂಡಿಯಿಂದ ಹಬೆಯೆದ್ದಿತು. ತಿಂಗಳಲ್ಲಿ ಬಿಳಿಯ ನೂಲು ಹಬ್ಬಿತು. ತಣ್ಣಗಾದ ಮೇಲೆ ಬಿಟ್ಟ ಹುಳುಗಳು ಈ ಸಲ ಓಡಿಹೋಗಲಿಲ್ಲ. ಮಳೆಗಾಲದ ಮೊದಲಿಗೆ ತೆಗೆದಾಗ ಹುಲ್ಲಿನ ಗುರುತೇ ಇರಲಿಲ್ಲ. ಮುದುಕನು ಒಂದು ಹಿಡಿಯನ್ನು ಎತ್ತಿ ಮೂಸಿ, ಮಣ್ಣಿನ ವಾಸನೆ ಬಂತೆಂದು ಹೇಳಿ, ಬುಟ್ಟಿಯನ್ನು ಗದ್ದೆಯ ಕಡೆಗೆ ಹೊತ್ತುಕೊಂಡು ಹೋದನು.